ಮೂವತ್ತೇಳನೆಯ ಸೀಸೆ

ಎರೆಹೊಲ ಬಾಯಿ ಬಿಟ್ಟ ತಿಂಗಳು.
ಡೋಣಿಯ ದಂಡೆಯಲ್ಲಿ ಬೋರಲು ಮಲಗಿ
ಬಿರುಕಿನೊಳಕ್ಕೆ ಟಾರ್ಚು ಬಿಟ್ಟೆ.
ಮೊಳದಾಳದಲ್ಲಿ ಒಂದು ಚೇಳು
ಕೊಂಡಿ ಮಡಚಿಕೊಂಡು
ಬೆಳಕಿಗೆ ದಾರಿ ಬಿಟ್ಟು ಸರಿಯಿತು.
ಹಿಂದೆ ನಿಂತ ದಾವಲಸಾಬ ನದಾಫ,
ನಮ್ಮ ಕಾಲೇಜಿನ ಲ್ಯಾಬಿನ ಜವಾನ,
"ನಾವು ಬಂದದ್ದು ಇರಬಿ ಸಲುವಾಗಿ ಮೇಡಂ,
ಅದನ್ನ ಅದರ ಪಾಡಿಗೆ ಬಿಡ್ರಿ" ಅಂದ.

ತಾಳಿಕೋಟಿ ಸೀಮೆಯ ಇರುವೆಗಳ ಪಟ್ಟಿ:
ಯಾರೂ ಕೇಳಿರಲಿಲ್ಲ, ಯಾರೂ ಬೇಡವೆಂದಿರಲಿಲ್ಲ.
ಪ್ರಿನ್ಸಿಪಾಲರು ಸಹಿ ಹಾಕುತ್ತ
"ಎಷ್ಟು ಜಾತಿ ಇದ್ದಾವು? ಕೆಂಪು ಒಂದು,
ಕರೇದು ಒಂದು" ಅಂದಿದ್ದರು.
ಹೊಳೆಯ ಈಚೆಗೇ ಸಿಕ್ಕವು ಇಪ್ಪತ್ತೆರಡು.

ದಾವಲಸಾಬನ ಅಪ್ಪ, ಅಜ್ಜ ಹತ್ತಿ ಹಿಂಜಿದವರು.
ಬಿಲ್ಲಿನ ತಂತಿ ಮಿಡಿದರೆ ಓಣಿಗೆಲ್ಲ ಕೇಳುತ್ತಿತ್ತಂತೆ.
ಫೋಮಿನ ಗಾದಿ ಬಂದವು, ಬಿಲ್ಲು ಅಟ್ಟ ಸೇರಿತು.
ಬೆರಳು ಮಾತ್ರ ಮರೆತಿಲ್ಲ:
ಚಿಟಿಕೆ ಹತ್ತಿಯನ್ನು ಉಸಿರಿನಷ್ಟು ತೆಳ್ಳಗೆ ಹಿಂಜಿ
ಸೀಸೆಯೊಳಗೆ ಇಳಿಸುತ್ತಾನೆ,
ಸ್ಪಿರಿಟ್ಟಿನಲ್ಲಿ ಮುಳುಗಿದ ಗೊದ್ದದ
ಆರೂ ಕಾಲು ಮುರಿಯದ ಹಾಗೆ.

ಅವನ ಲೆಕ್ಕವೇ ಬೇರೆ. ನನ್ನ ಪುಸ್ತಕದಲ್ಲಿ
ಸೊಂಟಕ್ಕೆ ಗಂಟು ಒಂದೋ ಎರಡೋ,
ಮೀಸೆಗೆ ಎಷ್ಟು ಗೆಣ್ಣು.
ಅವನಲ್ಲಿ: ಅವಸರದ್ದು, ನಾಚಿಕೆಯದು,
ಸತ್ತವರನ್ನು ಹೊತ್ತು ಹೊರಗಿಡುವುದು.
ಜೋಳದ ಕಣದ ಅಂಚಿಗೆ
ಹೊಟ್ಟಿನ ಬಳೆ ಸುತ್ತಿಟ್ಟ ಗೂಡು ಕಂಡಾಗ
"ಇದು ಒಕ್ಕಲುತನದ್ದು, ಬರಕೊಳ್ರಿ" ಅಂದ.
ಬರೆದುಕೊಂಡೆ. ಲ್ಯಾಟಿನ್ ಹೆಸರಿನ ಪಕ್ಕ
ಪೆನ್ಸಿಲಿನಲ್ಲಿ ಇವತ್ತಿಗೂ ಇದೆ.

ಮಿರಗದ ಮಳೆ ಬಿದ್ದ ಮರುದಿನ
ಹೊಲದ ತುಂಬ ಕೆಂಪು ಮಖಮಲ್ಲಿನ ಹುಳ.
ಎಂಟು ಕಾಲು, ಜೇಡನ ಬಳಗ,
ನಮ್ಮ ಪಟ್ಟಿಗೆ ಬರೋದಿಲ್ಲ, ಅಂದೆ.
ಒಂದನ್ನು ಅಂಗೈಗೆ ಬಿಟ್ಟುಕೊಂಡು
ಅದು ರೇಖೆಯೆಲ್ಲ ದಾಟುವವರೆಗೆ
ಸುಮ್ಮನೆ ನಿಂತಿದ್ದ.

ಮರುವರ್ಷದ ಬೇಸಿಗೆಗೆ
ಮೂವತ್ತಾರಕ್ಕೆ ನಿಂತುಹೋಯಿತು ಪಟ್ಟಿ.
ಒಂದು ಸೋಮವಾರ ಮೇಜಿನ ಮೇಲೆ ಹೊಸ ಸೀಸೆ.
ಹಳದಿ, ಎಳ್ಳಿಗಿಂತ ಸಣ್ಣದು, ಹೊಟ್ಟೆಯ ತುದಿ ಕಪ್ಪು.
ಚೀಟಿಯಲ್ಲಿ ಅವನ ಗುಂಡಗಿನ ಅಕ್ಷರ:
ತಾರೀಕಿದೆ, ಹೆಸರಿದೆ, ಊರಿದೆ.
"ಎಲ್ಲಿ ಸಿಕ್ಕವು?"
"ಮನ್ಯಾಗ."
"ಮನೆಯಲ್ಲಿ ಎಲ್ಲಿ? ಜಾಗ ಬರೀಬೇಕು.
ಜಾಗವಿಲ್ಲದ ಇರುವೆ ಬರೀ ಕಸ."
ನಾನೇ ಕಲಿಸಿದ ಮಾತು.
ಅವನು ಕೈಯಲ್ಲಿನ ಹತ್ತಿ ಹಿಂಜಿದ, ಮತ್ತೂ ಹಿಂಜಿದ.
"ಹಿತ್ತಲ ಬಚ್ಚಲದಾಗರಿ. ರಾತ್ರಿ
ನಾ ನಿಂತು ಬಂದ ಜಾಗದಾಗ
ಸಾಲು ಹಚ್ಚಿ ಬರ್ತಾವು.
ಸಕ್ರಿ ಚೆಲ್ಲಿಲ್ಲ, ಬೆಲ್ಲ ಚೆಲ್ಲಿಲ್ಲ.
ಹೊಸಾ ಜಾತಿ ಇರಬೇಕಂತ ತಂದೆ."

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ ನಾನು.
ಮೀಸೆಯ ಗೆಣ್ಣು ಎಣಿಸಿದೆ: ಹನ್ನೆರಡು.
ಮತ್ತೊಮ್ಮೆ: ಹನ್ನೆರಡು. ತುದಿಯ ಮೂರು ದಪ್ಪ.
ಯಾವ ಅಡುಗೆಮನೆಗೂ ಹೊಸದಲ್ಲದ ಇರುವೆ.
ಹೊಸದು ಬೇರೆಯೇ ಏನೋ.

"ನೀರಡಿಕೆ ಆಗ್ತದೇನು?"
"ಬ್ಯಾಸಗಿ ಅಲ್ಲೇನ್ರಿ."
"ಕಾಲು?"
"ಜುಮ್ ಅಂತಾವು. ಇರಬಿ ಹರದಂಗ."
ಹೇಳಿದವನೇ ನಕ್ಕ. ನಗು ಅರ್ಧಕ್ಕೆ
ಎಲ್ಲೋ ಸಿಕ್ಕಿಕೊಂಡಿತು.

ದವಾಖಾನೆಯ ಚೀಟಿಯಲ್ಲಿ ಮುನ್ನೂರ ತೊಂಬತ್ತು.
ಯಾರು ಕಳಿಸಿದರು ಅಂತ ಡಾಕ್ಟರು ಕೇಳಿದರೆ
"ಮೂವತ್ತೇಳನೇ ನಂಬರಿನವು" ಅಂದು ಬಂದಿದ್ದಾನೆ.

ಈಗ ಅವನ ಚಹಾಕ್ಕೆ ಸಕ್ಕರೆ ಇಲ್ಲ, ಸಿಟ್ಟಿದೆ.
ಸೋಮವಾರಕ್ಕೊಮ್ಮೆ ವರದಿ ಒಪ್ಪಿಸುತ್ತಾನೆ:
ಹೋದ ವಾರ ನಲವತ್ತು, ಈ ವಾರ ಒಂಬತ್ತು.
ಆಮೇಲೊಂದು ದಿನ, ಒಂದೇ ಒಂದು ಬಂದು
ಕಲ್ಲಿನ ಸುತ್ತ ತಿರುಗಿ, ಮೀಸೆ ಆಡಿಸಿ ಹೋಯಿತಂತೆ.
"ಪಾಪ, ಅಷ್ಟು ದೂರದಿಂದ ಬಂದಿತ್ತರಿ."

ಪಟ್ಟಿ ಅಚ್ಚಿಗೆ ಹೋಗಬೇಕು,
ಚೀಟಿಯ ಕೊನೆಯ ಸಾಲು ಇನ್ನೂ ಖಾಲಿ.
ಪೆನ್ನು ಅವನ ಕೈಗೇ ಕೊಟ್ಟೆ.
ಹುಣಸೆಬೀಜದಷ್ಟು ಜಾಗದಲ್ಲಿ
ಓಣಿಯ ಹೆಸರು ಬರೆದ, ಮನೆ ನಂಬರು ಬರೆದ,
ನನ್ನ ಮುಖ ನೋಡಿ, ಆಮೇಲೆ
'ಬಚ್ಚಲ' ಅಂತ ಬರೆದ. ಶಾಯಿ ಆರಗೊಟ್ಟು
ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ:
'ಈಗ ಬರೂದಿಲ್ಲ.'